ಮದುವೆಯ ವಿಡಿಯೊ ಮತ್ತು ಅತ್ತಿಗೆಯ ಪೇಜಿಂಗ್ ಫೈಲು

ಅಣ್ಣನ ಫೋಟೊ ಸ್ಟುಡಿಯೊ ಇದ್ದದ್ದು ಮೂಡಿಗೆರೆಯಲ್ಲಿ, ಬಸ್ ಸ್ಟ್ಯಾಂಡಿನಿಂದ ಸ್ವಲ್ಪ ಮೇಲಕ್ಕೆ. ಕೆಳಗೆ ಸ್ಟುಡಿಯೊ, ಮೇಲೆ ನಮ್ಮ ಮನೆ. ಅರ್ಜಿಗೆ ಅಂಟಿಸುವ ಫೋಟೊ, ಶಾಲೆಯ ಗ್ರೂಪ್ ಫೋಟೊ, ಎಸ್ಟೇಟಿನವರ ಮನೆಯ ನಾಮಕರಣ, ಹೀಗೆ ನಡೆದುಕೊಂಡು ಹೋಗುತ್ತಿದ್ದ ಅಂಗಡಿ ಅದು. ಎರಡು ಸಾವಿರದ ಇಸವಿ ದಾಟುವ ಹೊತ್ತಿಗೆ ವಿಡಿಯೊ ಇಲ್ಲದ ಮದುವೆಯನ್ನು ಜನ ಮದುವೆ ಎಂದೇ ಹಿಡಿಯದಂತಾಯಿತು. ಅಣ್ಣನೂ ಕ್ಯಾಮೆರಾ ಕೊಂಡ. ಆದರೆ ತೆಗೆದ ಟೇಪುಗಳನ್ನು ಮಿಕ್ಸಿಂಗಿಗೆ, ಎಂದರೆ ಕತ್ತರಿಸಿ ಜೋಡಿಸಿ ಹಾಡು ಸೇರಿಸುವುದಕ್ಕೆ, ಚಿಕ್ಕಮಗಳೂರಿಗೆ ಕಳಿಸಬೇಕಾಗಿತ್ತು. ಅಲ್ಲಿ ಯಾರ ಮದುವೆಗಾದರೂ ಒಂದೇ ಅಚ್ಚು. ಗಂಡು ಹೆಣ್ಣಿನ ಮುಖ ಒಂದು ಹೃದಯದೊಳಗೆ ಗಿರಗಿರ ತಿರುಗುತ್ತಾ ಬರುವುದು, ಮೇಲಿಂದ ಗುಲಾಬಿ ಉದುರುವುದು, ಧಾರೆ ಎರೆಯುವ ಹೊತ್ತಿಗೆ ಸರಿಯಾಗಿ ಸಿನಿಮಾ ಹಾಡು ಏರಿ ಮಂತ್ರವೆಲ್ಲ ಮುಚ್ಚಿಹೋಗುವುದು.

ಅದನ್ನು ನೋಡಿ ಸುಮ್ಮನಿರಲು ಆಗದಿದ್ದವರು ನನ್ನ ಅತ್ತಿಗೆ.

ಅತ್ತಿಗೆ ಕುದುರೆಮುಖದವರು. ಅವರ ಅಪ್ಪ ಅಲ್ಲಿನ ಗಣಿಯಲ್ಲಿ ಫಿಟ್ಟರ್ ಆಗಿದ್ದರು. ಟೌನ್‌ಶಿಪ್ಪಿನ ಸಾಲುಮನೆಯಲ್ಲಿ, ಪಕ್ಕದ ಮನೆಯ ತಮಿಳು, ಹಿಂದಿನ ಮನೆಯ ಹಿಂದಿ, ಎದುರು ಮನೆಯ ತುಳು ಎಲ್ಲವನ್ನೂ ಕೇಳಿಸಿಕೊಂಡು ಬೆಳೆದವರು. ಅವರು ಮದುವೆಯಾಗಿ ನಮ್ಮ ಮನೆಗೆ ಬಂದಾಗ ನಾನಿನ್ನೂ ಓದುವ ಹುಡುಗಿ. ಹೊಸ ಮಿಕ್ಸಿ ತಂದರೆ ನಾವೆಲ್ಲ ಮೊದಲು ಪ್ಲಗ್ ಹಾಕಿ ಗುಂಡಿ ಒತ್ತುವ ಜನ. ಅತ್ತಿಗೆ ಹಾಗಲ್ಲ. ಅದರ ಜೊತೆ ಬಂದ ಸಣ್ಣ ಪುಸ್ತಕವನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿ, ಮಡಚಿಟ್ಟು, ಆಮೇಲೆ ಕೈ ಹಾಕುವರು. “ಇದೇನು ಇವ್ಳು ಮಿಕ್ಸಿಗೂ ಪರೀಕ್ಷೆ ಕಟ್ತಾಳೆ” ಎಂದು ಅಮ್ಮ ಮೊದಮೊದಲು ನಗುತ್ತಿದ್ದರು. ಆದರೆ ನಮ್ಮ ಮನೆಯಲ್ಲಿ ಅಷ್ಟು ವರ್ಷ ಬಾಳಿಕೆ ಬಂದ ಮಿಕ್ಸಿ ಬೇರೆ ಇಲ್ಲ.

ಒಂದು ಸಂಜೆ, ಮಿಕ್ಸಿಂಗ್ ಆಗಿ ಬಂದ ಮದುವೆಯೊಂದನ್ನು ಎಲ್ಲರೂ ಕೂತು ನೋಡುತ್ತಿದ್ದಾಗ ಅತ್ತಿಗೆ ಹೇಳಿದರು. “ರೀ, ನೀವು ತೆಗೆದಿದ್ರಲ್ಲಿ ಹುಡುಗಿ ಅಪ್ಪ ಕಣ್ಣು ಒರೆಸ್ಕೊಂಡಿದ್ದು ಇತ್ತು. ನಾನು ಕ್ಯಾಮೆರಾದಲ್ಲೇ ನೋಡಿದ್ದೆ. ಇದ್ರಲ್ಲಿ ಎಲ್ಲಿ ಹೋಯ್ತು?”

“ಅಲ್ಲಿ ಗುಲಾಬಿ ಉದುರಿಸಿದಾರಲ್ಲ,” ಎಂದ ಅಣ್ಣ.

“ಇದನ್ನ ನಾವೇ ಮಾಡೂಕ್ಕೆ ಆಗೂದಿಲ್ವಾ?”

ಹಾಗೆ ಶುರುವಾದದ್ದು. ಅಣ್ಣ ಆತುರದ ಮನುಷ್ಯ, ಆದರೆ ಹೆಂಡತಿ ಹೇಳಿದ್ದನ್ನು ತಳ್ಳಿಹಾಕುವವನಲ್ಲ. ಕೆಲವು ತಿಂಗಳಲ್ಲಿ ಚಿಕ್ಕಮಗಳೂರಿನ ಅಂಗಡಿಯೊಂದರಲ್ಲಿ ಜೋಡಿಸಿದ ಕಂಪ್ಯೂಟರ್ ನಮ್ಮ ಮನೆಯ ನಡುಮನೆಗೆ ಬಂತು. ನಾನು ಆಗ ಚಿಕ್ಕಮಗಳೂರಿನ ಕಾಲೇಜೊಂದರಲ್ಲಿ ಪಾಠ ಮಾಡುತ್ತಾ ಅಲ್ಲೇ ರೂಮು ಮಾಡಿಕೊಂಡಿದ್ದೆ. ಶನಿವಾರ ಊರಿಗೆ ಬಂದರೆ ಅತ್ತಿಗೆ ಕಂಪ್ಯೂಟರಿನ ಮುಂದೆ ಮಣೆ ಹಾಕಿ ಕೂತವರಂತೆ ಕೂತಿರುತ್ತಿದ್ದರು. ಒಂದು ಕಿವಿ ಅಡುಗೆಮನೆಯ ಕುಕ್ಕರಿನ ಸೀಟಿಯ ಮೇಲೆ. ಕೊಟ್ಟಿಗೆಹಾರದ ಒಂದು ಗೃಹಪ್ರವೇಶ, ಯಾವುದೋ ಶಾಲೆಯ ವಾರ್ಷಿಕೋತ್ಸವ, ಇಂಥ ಸಣ್ಣ ಕೆಲಸಗಳನ್ನು ಮಾಡಿ ಮಾಡಿ ಅವರ ಕೈ ಕುದುರಿತು. ಅವರು ಮಾಡಿದ್ದರಲ್ಲಿ ಗುಲಾಬಿ ಇರುತ್ತಿರಲಿಲ್ಲ. ಒಬ್ಬರ ಮುಖದ ಮೇಲೆ ಕ್ಯಾಮೆರಾ ನಿಂತರೆ, ಆ ಮನುಷ್ಯ ನಕ್ಕು ಮುಗಿಸುವವರೆಗೆ ಅವರು ಕತ್ತರಿ ಹಾಕುತ್ತಿರಲಿಲ್ಲ.

ಆಮೇಲೆ ಬಂದದ್ದು ಕಳಸದ ಕಡೆಯ ಒಬ್ಬ ಕಾಫಿ ಬೆಳೆಗಾರರ ಮಗಳ ಮದುವೆ. ಮೂಡಿಗೆರೆಯ ಕಲ್ಯಾಣ ಮಂಟಪದಲ್ಲಿ ಆಯಿತು. ಮದುವೆಗೆ ಮುಂಚೆ ಹುಡುಗಿಯ ತಂದೆ ಸ್ಟುಡಿಯೊಕ್ಕೆ ಬಂದಿದ್ದರು. ದೊಡ್ಡ ಎಸ್ಟೇಟಿನವರು, ಮಾತು ಕಡಿಮೆ. ಅಡ್ವಾನ್ಸ್ ಮಾತೆಲ್ಲ ಮುಗಿದ ಮೇಲೂ ಏಳದೆ ಕೂತಿದ್ದರು.

“ಇನ್ನೊಂದು ವಿಷ್ಯ,” ಎಂದರು. “ನಮ್ಮಮ್ಮ ಬಚ್ಚಲಲ್ಲಿ ಬಿದ್ದು ಸೊಂಟದ ಮೂಳೆ ಮುರ್ಕೊಂಡಿದಾರೆ. ಮಂಟಪಕ್ಕೆ ಕರ್ಕೊಂಡು ಬರೂ ಹಂಗಿಲ್ಲ. ಮೊಮ್ಮಗಳನ್ನ ಸಾಕಿದ್ದೇ ಅವ್ರು. ಮಗಳು ಅಳಿಯ ಒಂದು ತಿಂಗಳು ಬಿಟ್ಟು ಮನೆಗೆ ಬರ್ತಾರೆ. ಆವಾಗ ಒಟ್ಟಿಗೆ ಕೂತು ನೋಡ್ಬೇಕು ಅಂತ ಅಮ್ಮಂದು ಒಂದೇ ಹಟ.”

ಕಾಫಿ ಲೋಟ ತಂದಿದ್ದ ಅತ್ತಿಗೆ ಅಲ್ಲೇ ನಿಂತು ಕೇಳಿದರು. “ಅಜ್ಜಿಗೆ ಕಣ್ಣು ಹೇಗಿದೆ?”

“ಒಂದು ಕಣ್ಣು ಆಪರೇಷನ್ ಆಗಿದೆ. ದೊಡ್ಡದಾಗಿದ್ರೆ ಕಾಣ್ತದೆ.”

“ಅವ್ರಿಗೆ ಯಾವುದು ಮುಖ್ಯ? ಶಾಸ್ತ್ರ ನೋಡೋದಾ, ಜನ ನೋಡೋದಾ?”

ಅವರು ಲೋಟ ಕೈಗೆ ತೆಗೆದುಕೊಂಡರು. “ಜನ. ಯಾರು ಬಂದಿದ್ರು ಯಾರು ಬರ್ಲಿಲ್ಲ ಅಂತ ಈಗ್ಲೇ ಕೇಳೂಕ್ಕೆ ಶುರು ಮಾಡಿದಾರೆ.”

ಆ ಮದುವೆಗೆ ಅಣ್ಣ ಹಿಂದಿನ ದಿನದ ಚಪ್ಪರದಿಂದ ಹಿಡಿದು ಹೆಣ್ಣು ಒಪ್ಪಿಸಿಕೊಡುವವರೆಗೆ ಕ್ಯಾಮೆರಾ ಆರಿಸಲಿಲ್ಲ. ಅಜ್ಜಿಗೆ ಜನ ಬೇಕು ಎಂದು ಊಟದ ಪಂಕ್ತಿಯಲ್ಲಿ ಎಲೆ ಎಲೆಗೂ ಹೋಗಿದ್ದ. ಟೇಪುಗಳನ್ನು ಅತ್ತಿಗೆ ಒಂದೊಂದಾಗಿ ಕಂಪ್ಯೂಟರಿಗೆ ಇಳಿಸಿದರು. ಜೊತೆಗೆ ಅಣ್ಣ ತೆಗೆದ ಫೋಟೊಗಳನ್ನೂ ನಡುನಡುವೆ ಸೇರಿಸುವ ಯೋಚನೆ. ಅರ್ಧ ಕೆಲಸ ಆಗಿತ್ತು. ಅಷ್ಟರಲ್ಲಿ ಪರದೆಯ ಬಲ ಮೂಲೆಯಲ್ಲಿ ಹಳದಿ ಬಣ್ಣದ ಒಂದು ಚೀಟಿಯಂಥದ್ದು ಎದ್ದಿತು. ನಿಮ್ಮ ಕಂಪ್ಯೂಟರಿನಲ್ಲಿ ವರ್ಚುವಲ್ ಮೆಮೊರಿ ಸಾಲದಾಗಿದೆ ಎಂದು ಅದರ ಒಕ್ಕಣೆ. ಸ್ವಲ್ಪ ಹೊತ್ತಿನಲ್ಲಿ ಎಡಿಟಿಂಗ್ ಪ್ರೋಗ್ರಾಮ್ ಬಿಳಿಚಿಕೊಂಡು ನಿಂತಿತು, ಆಮೇಲೆ ತನ್ನಷ್ಟಕ್ಕೆ ಮುಚ್ಚಿಹೋಯಿತು. ಬೆಳಗಿನಿಂದ ಮಾಡಿದ ಕೆಲಸದಲ್ಲಿ ಬಹುಪಾಲು ಅದರ ಜೊತೆಗೇ ಹೋಯಿತು. ಮಾರನೆಯ ದಿನವೂ ಅದೇ ಕತೆ, ಅದರ ಮಾರನೆಯ ದಿನವೂ.

ನಾನು ಆ ಶನಿವಾರ ಮನೆಗೆ ಬಂದಾಗ ಅಣ್ಣ ಫೋನಿನಲ್ಲಿ ಕಂಪ್ಯೂಟರ್ ಜೋಡಿಸಿಕೊಟ್ಟವರ ಜೊತೆ ಮಾತಾಡುತ್ತಿದ್ದ. ಆ ಮನುಷ್ಯ ಒಳ್ಳೆಯವರೇ. ನೂರು ಜನಕ್ಕೆ ಫೋನಿನಲ್ಲೇ ದಾರಿ ಹೇಳಿ ಹೇಳಿ ಸುಸ್ತಾಗಿದ್ದವರು. ಹಾರ್ಡ್ ಡಿಸ್ಕಿನಲ್ಲಿ ಜಾಗ ಇಲ್ಲ, ಪೇಜಿಂಗ್ ಫೈಲು ಅಂತ ಒಂದು ಸುಮ್ಮನೆ ಜಾಗ ತಿನ್ನುತ್ತಾ ಕೂತಿರುತ್ತದೆ, ಅದನ್ನು ತೆಗೆದುಬಿಡಿ, ಜಾಗ ಸಿಗುತ್ತದೆ ಎಂದರಂತೆ. ಅಣ್ಣ ಫೋನು ಕಿವಿಗೆ ಹಿಡಿದೇ ದಾರಿ ಹೇಳಿದ. ಅತ್ತಿಗೆ ಮೌಸ್ ಆಡಿಸಿದರು. ಮೈ ಕಂಪ್ಯೂಟರ್, ಪ್ರಾಪರ್ಟೀಸ್, ಅಡ್ವಾನ್ಸ್‌ಡ್, ಮತ್ತೆ ಸೆಟ್ಟಿಂಗ್ಸ್, ಮತ್ತೆ ಅಡ್ವಾನ್ಸ್‌ಡ್. ಒಂದರೊಳಗೊಂದು ಇಟ್ಟ ಡಬ್ಬಿಗಳನ್ನು ತೆರೆದಂತೆ ಇತ್ತು. ಕೊನೆಯ ಡಬ್ಬಿಯಲ್ಲಿ ‘ಪೇಜಿಂಗ್ ಫೈಲ್ ಬೇಡ’ ಎಂಬ ಸಾಲು. ಅದನ್ನು ಒತ್ತುವ ಮುಂಚೆ ಅತ್ತಿಗೆ ಅಲ್ಲಿ ಮೊದಲೇ ಇದ್ದದ್ದು ಏನು ಎಂದು ನನ್ನ ಕೈಲಿ ಎರಡು ಸಲ ಓದಿಸಿ ಮನಸ್ಸಿನಲ್ಲಿಟ್ಟುಕೊಂಡರು. ಆಮೇಲೆ ಒತ್ತಿದರು. ಕಂಪ್ಯೂಟರ್ ಆರಿ ಹತ್ತಿತು.

ಜಾಗವೇನೋ ಸಿಕ್ಕಿತು. ಆದರೆ ಎಡಿಟಿಂಗ್ ಪ್ರೋಗ್ರಾಮಿನಲ್ಲಿ ಮದುವೆಯನ್ನು ತೆರೆಯಲು ಹೋದರೆ ಅದು ತೆರೆಯಲೇ ಇಲ್ಲ. ಮೊದಲು ಅರ್ಧ ದಿನವಾದರೂ ನಡೆಯುತ್ತಿದ್ದದ್ದು ಈಗ ಬಾಗಿಲಲ್ಲೇ ಕುಸಿದು ಕೂತಿತು.

“ಇದನ್ನ ಪೆಟ್ಟಿಗೆಗೆ ಹಾಕಿ ವಾಪಸ್ ಕೊಟ್ಟುಬಿಡೂದು,” ಎಂದ ಅಣ್ಣ. “ಟೇಪು ಚಿಕ್ಕಮಗಳೂರಿಗೇ ಕಳ್ಸೂದು. ಗುಲಾಬಿ ಉದುರಿದ್ರೆ ಉದುರ್ಲಿ.”

ಅತ್ತಿಗೆ ಅದೇ ಡಬ್ಬಿಗಳನ್ನು ಮತ್ತೆ ಒಂದೊಂದಾಗಿ ತೆರೆದು, ಮೊದಲು ಹೇಗಿತ್ತೋ ಹಾಗೇ ಮಾಡಿ, ಕಂಪ್ಯೂಟರ್ ಆರಿಸಿ ಹತ್ತಿಸಿದರು. ಪ್ರೋಗ್ರಾಮ್ ತೆರೆಯಿತು. ಆಗ ಅವರ ಮುಖದಲ್ಲಿ ಒಂದು ಗೆಲುವು ಕಂಡಿತು. ನನಗೆ ಅದು ಅರ್ಥವಾಗಲಿಲ್ಲ. “ಇದ್ದಲ್ಲಿಗೇ ಬಂದು ನಿಂತ್ವಲ್ಲ ಅತ್ತಿಗೆ,” ಎಂದೆ.

“ಇಲ್ಲ ಮಾರಾಯ್ತಿ,” ಎಂದರು. “ಈಗ ಒಂದು ಗೊತ್ತಾಯ್ತಲ್ಲ. ಆ ಫೈಲು ಸುಮ್ನೆ ಕೂತಿಲ್ಲ. ಎಂತದೋ ಕೆಲ್ಸ ಮಾಡ್ತಾ ಇದೆ. ಎಂತ ಅಂತ ನೋಡ್ಬೇಕು.”

ಮಾರನೆಯ ದಿನ ಭಾನುವಾರ. ಬೆಳಗಿನ ಕಡುಬು ಮುಗಿದ ಮೇಲೆ ಅತ್ತಿಗೆ ಕಂಪ್ಯೂಟರಿನಲ್ಲೇ ಇದ್ದ ಹೆಲ್ಪ್ ಪುಟಗಳನ್ನು ತೆರೆದರು. ಅದು ಎಲ್ಲ ಕಂಪ್ಯೂಟರಿನಲ್ಲೂ ಇರುತ್ತಿತ್ತು. ನಾನಂತೂ ಅದುವರೆಗೆ ಯಾರೂ ಅದನ್ನು ಓದಿದ್ದನ್ನು ಕಂಡಿರಲಿಲ್ಲ. ಇಂಗ್ಲಿಷಿನ ಕಡೆ ನಾನು ನೋಡಿಕೊಂಡೆ, ಅದರ ತಲೆಬುಡ ಅವರು ನೋಡಿಕೊಂಡರು. ನಾನು ಒಂದು ವಾಕ್ಯ ಓದಿ ಅರ್ಥ ಹೇಳುವುದು, ಅವರು “ಹಾಗಂದ್ರೆ?” ಎನ್ನುವುದು, ನಾನು ಮತ್ತೆ ಓದುವುದು. ನನಗೆ ಶಬ್ದದ ಅರ್ಥ ಗೊತ್ತಿತ್ತು, ಅವರಿಗೆ ಅದು ಆಗುವ ಬಗೆ ಬೇಕಿತ್ತು. ಮಧ್ಯಾಹ್ನದ ಹೊತ್ತಿಗೆ ಎಲ್ಲ ಒಂದು ಹದಕ್ಕೆ ಬಂತು. ಅಮ್ಮ ಮೊರದಲ್ಲಿ ಅಕ್ಕಿ ಹಿಡಿದುಕೊಂಡು ಬಂದು ನಮ್ಮ ಪಕ್ಕ ಕೂತರು.

“ಎಂತದೇ ಅದು, ಬೆಳಗಿಂದ ಇಬ್ರೂ ಓದ್ತಾ ಇದೀರಿ?”

“ಅತ್ತೆ, ಈ ಕಂಪ್ಯೂಟರಿಗೆ ಕೆಲ್ಸ ಮಾಡೂಕ್ಕೆ ಒಂದು ಜಾಗ ಇರ್ತದೆ. ರ‍್ಯಾಮ್ ಅಂತಾರೆ. ನಿಮ್ಮ ಒಲೆ ಕಟ್ಟೆ ಇದ್ದ ಹಂಗೆ. ಎಲ್ಲಾ ಕೆಲ್ಸ ಅಲ್ಲೇ ಆಗ್ಬೇಕು. ನಮ್ದರಲ್ಲಿ ಅದು ಸಣ್ಣದು. ಕಟ್ಟೆ ಮೇಲೆ ಜಾಗ ಸಾಲ್ಲಿಲ್ಲ ಅಂದ್ರೆ ನೀವೇನ್ ಮಾಡ್ತೀರಿ?”

“ಆಗ್ಲೇ ಬೇಡದ್ದನ್ನ ಎತ್ತಿ ಒಳಗಿನ ಕೋಣೆಲಿ ಇಡ್ತೀನಿ.”

“ಇದೂ ಅದನ್ನೇ ಮಾಡ್ತದೆ. ಹಾರ್ಡ್ ಡಿಸ್ಕಲ್ಲಿ ಒಂದಿಷ್ಟು ಜಾಗ ಹಿಡ್ಕೊಂಡು, ಈಗ ಬೇಡದ್ದನ್ನ ಅಲ್ಲಿಡ್ತದೆ. ಬೇಕಾದಾಗ ತಿರ್ಗ ಕಟ್ಟೆಗೆ ತರ್ತದೆ. ಹೋಗಿ ಬಂದು ಮಾಡೂದ್ರಿಂದ ನಿಧಾನ ಆಗ್ತದೆ, ಆದ್ರೆ ಕೆಲ್ಸ ನಿಲ್ಲೂದಿಲ್ಲ. ಆ ಜಾಗಕ್ಕೇ ಪೇಜಿಂಗ್ ಫೈಲು ಅಂತ ಹೆಸ್ರು. ಹಳದಿ ಚೀಟಿಲಿ ವರ್ಚುವಲ್ ಮೆಮೊರಿ ಸಾಲ್ದು ಅಂದಿದ್ದು ಇದ್ರ ವಿಷ್ಯವೇ. ಹೆಚ್ಚು ಬೇಕಾದ್ರೆ ಅದು ತಾನೇ ಬೆಳ್ಕೊಳ್ತದೆ.”

ಅಮ್ಮ ಅಕ್ಕಿಯಲ್ಲಿ ಕಲ್ಲು ಹುಡುಕುತ್ತಲೇ ಕೇಳಿದರು. “ಒಳಗಿನ ಕೋಣೆ ತುಂಬ ಮದ್ವೆ ಸಾಮಾನು ಒಟ್ಟಿದ್ರೆ ಎಲ್ಲಿ ಬೆಳೀತದೆ?”

ಅತ್ತಿಗೆ ನನ್ನ ಮುಖ ನೋಡಿದರು. ಆಗಿದ್ದದ್ದು ಅದೇ. ಅಣ್ಣ ತೆಗೆದ ಅಷ್ಟೂ ಟೇಪನ್ನು ಡಿಸ್ಕಿಗೆ ಇಳಿಸಿ ತುಂಬಿಸಿಬಿಟ್ಟಿದ್ದೆವು. ವಿಡಿಯೊ ಎಂದರೆ ಜಾಗ ತಿನ್ನುವುದರಲ್ಲಿ ಅದಕ್ಕೆ ಸಮ ಬೇರೆ ಇಲ್ಲ. ಪೇಜಿಂಗ್ ಫೈಲು ಬೆಳೆಯಲು ಹೋದಾಗ ಕಾಲಿಡಲೂ ಎಡೆಯಿರಲಿಲ್ಲ.

ಅಂದಿನಿಂದ ಅತ್ತಿಗೆ ಆ ಕೆಲಸಕ್ಕೆ ಇಳಿದ ರೀತಿಯನ್ನು ನೆನೆದರೆ ನನಗೆ ಈಗಲೂ ಗೌರವ ಬರುತ್ತದೆ. ಅವರಿಗೆ ಗಡಿಬಿಡಿ ಇರಲಿಲ್ಲ. ದಿನ ಕಳೆಯುತ್ತಿತ್ತು, ಅಣ್ಣ ನಡುಮನೆಯಲ್ಲಿ ಶತಪಥ ಹಾಕುತ್ತಿದ್ದ, ಇವರು ಮಾತ್ರ ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಏನಾಯಿತೆಂದು ನೋಡಿ, ಆಮೇಲೆ ಇನ್ನೊಂದಕ್ಕೆ ಹೋಗುತ್ತಿದ್ದರು. “ಎರಡು ಒಟ್ಟಿಗೆ ಮಾಡಿದ್ರೆ ಯಾವುದ್ರಿಂದ ಸರಿ ಆಯ್ತು ಅಂತ ಹೇಗೆ ಗೊತ್ತಾಗ್ತದೆ?” ಎಂದು ಅಣ್ಣನನ್ನೇ ಕೇಳಿದರು.

ಮೊದಲು ಡಿಸ್ಕಿನಲ್ಲಿ ಜಾಗ ಬಿಡಿಸಿದರು. ಟೇಪು ನಮ್ಮ ಹತ್ತಿರವೇ ಇದ್ದುದರಿಂದ ಎಲ್ಲವನ್ನೂ ಒಟ್ಟಿಗೆ ಇಳಿಸಿಟ್ಟುಕೊಳ್ಳುವ ಅಗತ್ಯವಿರಲಿಲ್ಲ. ಚಪ್ಪರದ್ದು ಮುಗಿಸಿ, ಮುಗಿದ ಭಾಗವನ್ನಷ್ಟೇ ಇಟ್ಟು ಉಳಿದದ್ದನ್ನು ಅಳಿಸಿ, ಆಮೇಲೆ ಧಾರೆಯದ್ದು. ಇದರ ಜೊತೆ ಡಿಸ್ಕಿನಲ್ಲಿ ಚೂರುಚೂರಾಗಿ ಹರಡಿದ್ದ ಫೈಲುಗಳನ್ನು ಒಂದೆಡೆ ಸೇರಿಸುವ ಡಿಫ್ರಾಗ್ ಕೆಲಸವನ್ನು ಹಚ್ಚಿಟ್ಟು, ಅವರು ಹೋಗಿ ಬಟ್ಟೆ ಒಗೆದು ಬಂದರು. ಪೇಜಿಂಗ್ ಫೈಲು ಆಗಾಗ ಹಿಗ್ಗುವುದು ಕುಗ್ಗುವುದು ಮಾಡಿದರೆ ಅದೂ ಚೂರಾಗಿ ಹರಡುತ್ತದೆ. ಆದ್ದರಿಂದ ಅದಕ್ಕೆ ಶುರುವಿನ ಅಳತೆ, ಕೊನೆಯ ಅಳತೆ ಎರಡನ್ನೂ ಒಂದೇ ಕೊಟ್ಟು ಗಟ್ಟಿ ಮಾಡಿದರು. ಇರುವ ರ‍್ಯಾಮಿನ ಒಂದೂವರೆ ಪಟ್ಟು ಸಾಕು ಎಂಬುದು ಆಗಿನ ಮಾತು. ನಮ್ಮ ಕೆಲಸ ಭಾರದ್ದು ಎಂದು ಅವರು ಇನ್ನೂ ಸ್ವಲ್ಪ ಹೆಚ್ಚೇ ಇಟ್ಟರು.

ಹಳದಿ ಚೀಟಿ ಬರುವುದು ಕಡಿಮೆಯಾಯಿತು. ಆದರೆ ಪೂರ್ತಿ ನಿಲ್ಲಲಿಲ್ಲ.

ಆಗ ಅವರು ಟಾಸ್ಕ್ ಮ್ಯಾನೇಜರನ್ನು ತೆರೆದಿಟ್ಟುಕೊಂಡರು. ಅದರಲ್ಲಿ ಮೆಮೊರಿ ಎಷ್ಟು ಖರ್ಚಾಗುತ್ತಿದೆ ಎಂದು ತೋರಿಸುವ ಒಂದು ಹಸಿರು ಗೆರೆ ಓಡುತ್ತಿತ್ತು. ಎಡಿಟಿಂಗ್ ಮಾಡುತ್ತಾ ಒಂದು ಕಣ್ಣು ಆ ಗೆರೆಯ ಮೇಲಿಟ್ಟರು, ಹಾಲು ಒಲೆಯ ಮೇಲಿಟ್ಟು ತರಕಾರಿ ಹೆಚ್ಚುವವರ ಹಾಗೆ. ವಿಡಿಯೊ ನಡೆಯುವಾಗ ಗೆರೆ ಸಮವಾಗಿ ಹೋಗುತ್ತಿತ್ತು. ನಡುವೆ ಫೋಟೊ ಬಂದಾಗಲೆಲ್ಲ ದಿಗ್ಗನೆ ಏರುತ್ತಿತ್ತು. ಮೂರು ಫೋಟೊ ಸಾಲಾಗಿ ಬಂದಲ್ಲಿ ಮೇಲಕ್ಕೆ ಹೋಗಿ ನಿಂತೇಬಿಡುತ್ತಿತ್ತು.

“ರೀ, ಈ ಫೋಟೊ ಎಷ್ಟು ದೊಡ್ಡದಿದಾವೆ?”

“ಗೋಡೆಗೆ ಹಾಕೂ ಅಷ್ಟು,” ಎಂದ ಅಣ್ಣ ಹೆಮ್ಮೆಯಿಂದ. “ಫುಲ್ ಸೈಜು.”

“ಟೀವಿಲಿ ಅಷ್ಟು ದೊಡ್ಡದು ಬೇಡ. ಸಣ್ಣ ಮಾಡಿ ಇನ್ನೊಂದು ಪ್ರತಿ ಕೊಡ್ತೀರಾ?”

ಅಣ್ಣ ಆ ಸಂಜೆಯೆಲ್ಲ ಕೂತು ಫೋಟೊಗಳನ್ನು ಟೀವಿಯ ಅಳತೆಗೆ ಸಣ್ಣ ಮಾಡಿಕೊಟ್ಟ. ಅವುಗಳನ್ನು ಸೇರಿಸಿದ ಮೇಲೆ ಹಸಿರು ಗೆರೆ ತಲೆ ತಗ್ಗಿಸಿ ನಡೆಯತೊಡಗಿತು. ಅಣ್ಣ ಹಿಂದೆ ನಿಂತು ಅದನ್ನೇ ನೋಡುತ್ತಿದ್ದ. “ಹೇಗೆ ಕಂಡುಹಿಡಿದೆ ನೀನು?” ಎಂದು ಕೇಳಿದ. “ಅದೇ ತೋರಿಸ್ತಲ್ಲ,” ಎಂದರು ಅತ್ತಿಗೆ.

ಈಗ ಚೀಟಿ ಬರುತ್ತಿರಲಿಲ್ಲ, ಪ್ರೋಗ್ರಾಮ್ ಬೀಳುತ್ತಿರಲಿಲ್ಲ. ಆದರೂ ಒಂದು ತೊಡಕು ಉಳಿದಿತ್ತು. ಚಿತ್ರ ಆಗಾಗ ತಡವರಿಸುತ್ತಿತ್ತು. ಡಿಸ್ಕು ಕರಕರ ಸದ್ದು ಮಾಡುತ್ತಿತ್ತು. ಹೆಲ್ಪ್ ಪುಟದಲ್ಲಿ ಒಂದು ಮಾತಿತ್ತು. ಪೇಜಿಂಗ್ ಫೈಲನ್ನು ಬೇರೆ ಡಿಸ್ಕಿನಲ್ಲಿ ಇಟ್ಟರೆ ಒಳ್ಳೆಯದು ಎಂದು. ಅದೇ ಡಿಸ್ಕಿನ ಇನ್ನೊಂದು ಭಾಗ ಸಾಲದು, ನಿಜವಾಗಿ ಬೇರೆಯದೇ ಬೇಕು. ಒಂದೇ ಡಿಸ್ಕು ವಿಡಿಯೊವನ್ನೂ ಓದಿ, ಪೇಜಿಂಗ್ ಫೈಲಿಗೂ ಓಡಾಡಿ ಸೋಲುತ್ತಿತ್ತು. ಅತ್ತಿಗೆ ಇದನ್ನು ಅವರ ಅಪ್ಪನ ಜೊತೆ ಫೋನಿನಲ್ಲಿ ಮಾತಾಡುವಾಗ ಸುಮ್ಮನೆ ಹೇಳಿದರು.

ಆಗ ಕುದುರೆಮುಖದಲ್ಲಿ ಗಣಿ ನಿಂತುಹೋಗುತ್ತಿತ್ತು. ಮನೆಗಳು ಒಂದೊಂದಾಗಿ ಖಾಲಿಯಾಗುತ್ತಿದ್ದವು. ಜನ ಮಂಚ, ಬೀರು, ಸೈಕಲ್ ಎಲ್ಲವನ್ನೂ ಬಂದವರಿಗೆ ಕೊಟ್ಟು ಲಾರಿ ಹತ್ತುತ್ತಿದ್ದರು. ಹಾಗೆ ಹೊರಟಿದ್ದ ಒಂದು ಮನೆಯವರ ಹತ್ತಿರ ಕೆಟ್ಟ ಹಳೆಯ ಕಂಪ್ಯೂಟರ್ ಇತ್ತು. ಅತ್ತಿಗೆಯ ಅಪ್ಪ ಹೋಗಿ ಅದರ ಹಾರ್ಡ್ ಡಿಸ್ಕನ್ನು ಮಾತ್ರ ಬಿಚ್ಚಿ ಕೊಡುವಿರಾ ಎಂದು ಕೇಳಿದರಂತೆ. ಅವರು ಕೊಟ್ಟರು. ಮುಂದಿನ ವಾರ ಆ ಹಿರಿಯರು ಕಳಸದ ಮೇಲೆ ಬಸ್ಸು ಬದಲಾಯಿಸುತ್ತಾ ನಮ್ಮ ಮನೆಗೆ ಬಂದರು. ಡಿಸ್ಕನ್ನು ಟವೆಲಿನಲ್ಲಿ ಸುತ್ತಿ, ದಾರಿಯುದ್ದಕ್ಕೂ ತೊಡೆಯ ಮೇಲೆ ಇಟ್ಟುಕೊಂಡಿದ್ದರು. ಸೀಟಿನ ಮೇಲಿಟ್ಟರೆ ಘಾಟಿಯ ತಿರುವಿನಲ್ಲಿ ಕುಲುಕೀತು ಎಂದು.

“ಇದು ಕೆಲ್ಸಕ್ಕೆ ಬರ್ತದಾ ನೋಡು ಮಗ,” ಎಂದು ಮಗಳ ಕೈಗೆ ಕೊಟ್ಟರು. ಅತ್ತಿಗೆ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು.

ಚಿಕ್ಕಮಗಳೂರಿನ ಕಂಪ್ಯೂಟರಿನವರು ಮೂಡಿಗೆರೆಗೆ ಬೇರೆ ಕೆಲಸಕ್ಕೆ ಬಂದಿದ್ದಾಗ ನಮ್ಮ ಮನೆಗೂ ಬಂದು ಅದನ್ನು ಕೂರಿಸಿಕೊಟ್ಟರು. “ಮೇಡಂ, ಇದು ತುಂಬಾ ಹಳೇದು. ಸ್ಪೀಡ್ ಇಲ್ಲ,” ಎಂದರು.

“ಸ್ಪೀಡ್ ಇಲ್ದಿದ್ರೂ ಇದಕ್ಕೆ ಬೇರೆ ಕೆಲ್ಸ ಇಲ್ವಲ್ಲ ಸರ್. ನೋಡುವ.”

ಅತ್ತಿಗೆ ಪೇಜಿಂಗ್ ಫೈಲನ್ನು ಹೊಸದಾಗಿ ಬಂದ ಹಳೆಯ ಡಿಸ್ಕಿಗೆ ಸಾಗಿಸಿದರು. ಮೊದಲಿನ ಡಿಸ್ಕಿನಲ್ಲೂ ಸಣ್ಣದೊಂದು ಇರಲಿ ಎಂದು ಬಿಟ್ಟರು, ಹೆಲ್ಪಿನಲ್ಲಿ ಹಾಗೆ ಹೇಳಿತ್ತು. ಕಂಪ್ಯೂಟರ್ ಆರಿ ಹತ್ತಿತು. ಮದುವೆಯನ್ನು ತೆರೆದರು. ಊಟದ ಪಂಕ್ತಿ ತಡವರಿಸದೆ ಸಾಗಿತು. ಕಂಪ್ಯೂಟರಿನವರು ಕುರ್ಚಿ ಎಳೆದುಕೊಂಡು ಕೂತರು. ಎಲ್ಲಿಂದ ಎಲ್ಲಿಗೆ ಏನೇನು ಮಾಡಿದಿರಿ ಎಂದು ಅತ್ತಿಗೆಯ ಬಾಯಿಂದ ಪೂರ್ತಿ ಕೇಳಿದರು. “ನಾನು ಇನ್ಮೇಲೆ ತೆಗ್ದುಬಿಡಿ ಅಂತ ಯಾರಿಗೂ ಹೇಳಲ್ಲ ಮೇಡಂ,” ಎಂದು ನಕ್ಕು, ಕೂರಿಸಿದ್ದಕ್ಕೆ ದುಡ್ಡು ಬೇಡವೆಂದು, ಅಮ್ಮ ಮಾಡಿದ ಕಾಫಿ ಕುಡಿದು ಹೋದರು.

ಕೊನೆಗೆ ಎಲ್ಲವನ್ನೂ ಸೇರಿಸಿ ಡಿವಿಡಿಗೆ ಬರೆಯುವ ಕೆಲಸವನ್ನು ಒಂದು ಬೆಳಿಗ್ಗೆ ಹಚ್ಚಿದರು. ನಡುವೆ ಕರೆಂಟು ಹೋಯಿತು. ಯುಪಿಎಸ್ ಕೂಗತೊಡಗಿತು. ಅಣ್ಣ ಮೆಟ್ಟಿಲು ಹಾರಿ ಮೇಲೆ ಬಂದ. ಅತ್ತಿಗೆ ಕೈಕಟ್ಟಿ ನಿಂತಿದ್ದರು. ಅಮ್ಮ ದೇವರ ಕೋಣೆಯ ಕಡೆ ಒಂದು ಸಲ ನೋಡಿದರು. ಯುಪಿಎಸ್ಸಿನ ಕೂಗು ಇನ್ನೂ ಜೋರಾಗುವಷ್ಟರಲ್ಲಿ ಕರೆಂಟು ಬಂತು. ಅತ್ತಿಗೆ ಹೋಗಿ ಸಾರಿಗೆ ಒಗ್ಗರಣೆ ಹಾಕಿದರು.

ಹುಡುಗಿ ತವರಿಗೆ ಬಂದ ದಿನ ಅಣ್ಣ, ಅತ್ತಿಗೆ, ನಾನು ಮೂವರೂ ಜೀಪಿನಲ್ಲಿ ಕಳಸದ ಕಡೆ ಹೋದೆವು. ಎಸ್ಟೇಟಿನವರು ಹಾಗೇ ಹೇಳಿ ಕಳಿಸಿದ್ದರು. ಅಜ್ಜಿಯ ಮಂಚವನ್ನು ಹಾಲಿಗೆ ತಂದಿದ್ದರು. ಎರಡು ದಿಂಬಿಗೆ ಒರಗಿಸಿ, ಟೀವಿಯನ್ನು ಹತ್ತಿರಕ್ಕೆ ಎಳೆದಿದ್ದರು. ಹೊಸ ಅಳಿಯ ಸಂಕೋಚದಿಂದ ಒಂದು ಬದಿ, ಮೊಮ್ಮಗಳು ಮಂಚದ ಮೇಲೇ ಅಜ್ಜಿಗೆ ತಾಗಿ ಇನ್ನೊಂದು ಬದಿ.

ಚಪ್ಪರ ಬಂತು. ಅಜ್ಜಿ ಕನ್ನಡಕ ಸರಿಮಾಡಿಕೊಂಡರು. ಮುಖಗಳು ಒಂದೊಂದಾಗಿ ಬಂದು ನಿಂತು, ನಕ್ಕು, ಹೋದವು. ಅಜ್ಜಿ ಒಬ್ಬೊಬ್ಬರನ್ನೂ ಗುರುತಿಸುತ್ತಿದ್ದರು. “ಇವ್ಳು ಬಂದಿದ್ಲಾ, ಕಾಲು ನೋವು ಅಂತಿದ್ಲು.” “ಇವ್ರು ಯಾವಾಗ ಇಷ್ಟು ಸೊರಗಿದ್ದು?” ಧಾರೆ ಎರೆಯುವಾಗ ಹಾಡಿರಲಿಲ್ಲ. ಮಂತ್ರ, ಹಿಂದೆ ಯಾವುದೋ ಮಗುವಿನ ಅಳು, ಹೆಂಗಸರು ಹಾಡುತ್ತಿದ್ದ ಸೋಬಾನೆಯ ಒಂದು ತುಂಡು, ಎಲ್ಲ ಇದ್ದದ್ದು ಇದ್ದ ಹಾಗೆ. ಅಜ್ಜಿ ಮೊಮ್ಮಗಳ ಕೈ ಹಿಡಿದುಕೊಂಡರು. ಪಂಕ್ತಿಯ ಊಟ ಬಂದಾಗ ಅವರು ಕೈಯೆತ್ತಿದರು.

“ನಿಲ್ಸಿ, ನಿಲ್ಸಿ. ಹಿಂದಕ್ಕೆ ಹಾಕೂಕ್ಕೆ ಆಗ್ತದಾ?”

ಅಣ್ಣ ಹಿಂದಕ್ಕೆ ಹಾಕಿದ. ಪಂಕ್ತಿಯ ಕೊನೆಯಲ್ಲಿ ಬಿಳಿ ಸೀರೆಯ ಒಬ್ಬ ಮುದುಕಿ ಹೋಳಿಗೆಯನ್ನು ಸಣ್ಣ ಸಣ್ಣ ಚೂರು ಮಾಡಿ ತಿನ್ನುತ್ತಿದ್ದರು. ಒಮ್ಮೆ ತಲೆಯೆತ್ತಿ ಕ್ಯಾಮೆರಾ ನೋಡಿ, ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕರು. ಅವರು ಅಜ್ಜಿಯ ಜೊತೆ ಓದಿದ ಗೆಳತಿಯಂತೆ. ಅತ್ತಿಗುಂಡಿಯ ಮೇಲಿನ ಎಸ್ಟೇಟಿಗೆ ಕೊಟ್ಟಿದ್ದರು. ಎಷ್ಟೋ ವರ್ಷಗಳಿಂದ ಇಬ್ಬರೂ ಒಬ್ಬರನ್ನೊಬ್ಬರು ನೋಡಿರಲಿಲ್ಲ.

“ಇವ್ಳು ಬಂದಿದ್ದು ಯಾರೂ ನಂಗೆ ಹೇಳ್ಳಿಲ್ಲ,” ಎಂದರು ಅಜ್ಜಿ ಮಗನ ಕಡೆ ತಿರುಗಿ.

“ನಮ್ಗೆ ಯಾರಿಗೂ ಗುರ್ತೇ ಸಿಕ್ಕಿಲ್ಲ ಅಮ್ಮ.”

“ನನ್ನ ನೋಡೂಕ್ಕೇ ಬಂದಿರ್ತಾಳೆ. ನಾನಿಲ್ಲ ಅಂತ ಊಟ ಮಾಡ್ಕೊಂಡು ಹೋಗಿದಾಳೆ. ಇನ್ನೊಂದ್ಸಲ ಹಾಕಿ.”

ಅಣ್ಣ ಇನ್ನೊಂದು ಸಲ ಹಾಕಿದ. ಮತ್ತೊಂದು ಸಲವೂ. ಅತ್ತಿಗೆ ಬಾಗಿಲ ಬಳಿ ನಿಂತಿದ್ದರು. ಆ ಮುದುಕಿ ಯಾರೆಂದು ಅವರಿಗೂ ಗೊತ್ತಿರಲಿಲ್ಲ. ನಗು ಚೆನ್ನಾಗಿದೆ ಎಂದು ಉಳಿಸಿಕೊಂಡಿದ್ದರಷ್ಟೆ.

ವಿಡಿಯೊ ಮುಗಿದಾಗ ಕಪ್ಪು ಪರದೆಯ ಮೇಲೆ ಸ್ಟುಡಿಯೊದ ಹೆಸರು ಬಂತು. ಅದರ ಕೆಳಗೆ ‘ಸಂಕಲನ’ ಎಂದು ಇನ್ನೊಂದು ಸಾಲು, ಅದರ ಮುಂದೆ ಅತ್ತಿಗೆಯ ಹೆಸರು. ಅತ್ತಿಗೆ ಬೆಚ್ಚಿ ಅಣ್ಣನನ್ನು ನೋಡಿದರು. ಅವರು ಅಡುಗೆಮನೆಯಲ್ಲಿದ್ದಾಗ ಅಣ್ಣ ಗುಟ್ಟಾಗಿ ಆ ಸಾಲನ್ನು ಸೇರಿಸಿದ್ದ. ಅವನಿಗೆ ಆ ಪ್ರೋಗ್ರಾಮ್ ಸರಿಯಾಗಿ ಬರುತ್ತಿರಲಿಲ್ಲ, ಅಕ್ಷರ ಸ್ವಲ್ಪ ಓರೆಯಾಗಿ ಕೂತಿತ್ತು.

“ಸಂಕಲನ ಅಂದ್ರೆ ಎಂತದು?” ಎಂದು ಕೇಳಿದರು ಅಜ್ಜಿ.

“ನಾನು ಕಂಡದ್ದೆಲ್ಲ ತೆಗ್ದು ತಂದೆ ಅಜ್ಜಿ,” ಎಂದ ಅಣ್ಣ. “ಅದನ್ನ ನೋಡೂ ಹಂಗೆ ಮಾಡಿದ್ದು ಇವ್ಳು.”

ಅಜ್ಜಿ ಅತ್ತಿಗೆಯನ್ನು ಹತ್ತಿರ ಕರೆದು ಮಂಚದ ಮೇಲೆ ಕೂರಿಸಿಕೊಂಡರು. ಕಂಪ್ಯೂಟರಿನ ಮಾತು ಬರಲಿಲ್ಲ. ಯಾವ ಊರು, ಅಪ್ಪ ಅಮ್ಮ ಹೇಗಿದ್ದಾರೆ, ಗಣಿ ಮುಚ್ಚಿದ ಮೇಲೆ ಅವರು ಎಲ್ಲಿಗೆ ಹೋಗುತ್ತಾರೆ ಎಂದು ವಿಚಾರಿಸಿದರು. “ಮೂಡಿಗೆರೆಗೇ ಕರ್ಕೊಂಡು ಬರ್ತೀವಿ,” ಎಂದ ಅಣ್ಣ ನಡುವೆ ಬಾಯಿ ಹಾಕಿ. ಅದು ಅತ್ತಿಗೆಗೂ ಹೊಸ ಸುದ್ದಿ.

ಮಾತಿನಂತೆ ಅವರು ಬಂದರು. ನಮ್ಮ ಮನೆಯ ಹಿಂದಿನ ಬೀದಿಯಲ್ಲೇ ಒಂದು ಬಾಡಿಗೆ ಮನೆ ಸಿಕ್ಕಿತು. ಅತ್ತಿಗೆಯ ಹೆಸರು ಆ ಮದುವೆಯ ನಂತರ ಸುತ್ತ ಹರಡಿತು. ಮದುವೆ ಮನೆಯವರಿಗಿಂತ ಹೆಚ್ಚಾಗಿ ಕಂಪ್ಯೂಟರ್ ಇಟ್ಟುಕೊಂಡಿದ್ದವರೇ ಅವರನ್ನು ಹುಡುಕಿಕೊಂಡು ಬರುತ್ತಿದ್ದರು. ಜಾತಕ ಬರೆಯುವ ಭಟ್ಟರು, ಎಸ್ಟೇಟ್ ಆಫೀಸಿನಲ್ಲಿ ಲೆಕ್ಕ ಬರೆಯುವ ರೈಟರು, ಟೈಪಿಂಗ್ ಸ್ಕೂಲಿನವರು. ‘ಹಳದಿ ಚೀಟಿ ಬರ್ತದೆ ಮೇಡಂ’ ಎಂದರೆ ಅವರು ಮೊದಲು ಕೇಳುತ್ತಿದ್ದದ್ದು, ಡಿಸ್ಕಿನಲ್ಲಿ ಏನೇನು ತುಂಬಿಟ್ಟಿದ್ದೀರಿ, ಒಟ್ಟಿಗೆ ಏನೇನು ತೆರೆದಿರುತ್ತೀರಿ ಎಂದು. ಯಾರಿಗೂ ಬರೀ ಒತ್ತಬೇಕಾದ ಗುಂಡಿ ಹೇಳಿ ಕಳಿಸುತ್ತಿರಲಿಲ್ಲ. ಅದು ಏಕೆ ಎಂದು ಹೇಳಿ, ಅವರ ಕೈಯಿಂದಲೇ ಮಾಡಿಸಿ, ಹಾಳಾದರೆ ಹಿಂದಕ್ಕೆ ಬರುವ ದಾರಿಯನ್ನೂ ತೋರಿಸುತ್ತಿದ್ದರು.

ಕೆಲವು ವರ್ಷಗಳಲ್ಲಿ ರ‍್ಯಾಮ್ ಅಗ್ಗವಾಯಿತು. ಅಣ್ಣ ಹೊಸ ಕಂಪ್ಯೂಟರ್ ತಂದ. ಅದರಲ್ಲಿ ಎಷ್ಟು ಕೆಲಸ ಹಚ್ಚಿದರೂ ಹಸಿರು ಗೆರೆ ಕೆಳಗೇ ಮಲಗಿರುತ್ತಿತ್ತು. ನಾನು ಒಂದು ರಜೆಯಲ್ಲಿ ಬಂದಾಗ ಅತ್ತಿಗೆ ಅದರ ಡಬ್ಬಿಗಳನ್ನು ಒಂದೊಂದಾಗಿ ತೆರೆದು ಒಳಗೆ ಇಣುಕುತ್ತಿದ್ದರು.

“ಈಗ ಅದ್ನೆಲ್ಲ ಮುಟ್ಟೂದೇ ಬೇಡ ಅಂತಾರಲ್ಲ ಅತ್ತಿಗೆ,” ಎಂದೆ. “ಅದೇ ನೋಡ್ಕೊಳ್ತದಂತೆ.”

“ಮುಟ್ಟೂದಿಲ್ಲ,” ಎಂದರು. “ಹೇಗೆ ನೋಡ್ಕೊಳ್ತದೆ ಅಂತ ನೋಡ್ತಿದೀನಿ. ಬಾ, ಕೂತ್ಕೊ. ಇಲ್ಲೊಂದು ಹೊಸ ಶಬ್ದ ಇದೆ, ಓದಿ ಹೇಳು.”

ನಾನು ಕುರ್ಚಿ ಎಳೆದುಕೊಂಡು ಕೂತೆ.